ನೀಲಿ ದಾರದ ವಾರ್ಡು

ಸೂಜಿ ಚುಚ್ಚಿದ್ದು ಚಿಕ್ಕವಳ ಕೈಗೆ. "ಅಯ್ಯೋ" ಅಂತ ಕೂಗಿದ್ದು ದೊಡ್ಡವಳು.

ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಇವರಿಬ್ಬರೂ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಒಂದೇ ಪಾಳಿಯವರು, ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿಯುವವರು. ವಾರ್ಡುಗಳಿಂದ ಬಂದ ಗಂಟು ಬಿಚ್ಚಬೇಕು, ಒಂದೊಂದನ್ನೇ ಎತ್ತಿ ಎದುರುಬದುರು ನಿಂತು ಜಾಡಿಸಬೇಕು, ರಕ್ತ ಹತ್ತಿದ್ದನ್ನು ಒಂದು ಕಡೆ, ಬರೀ ಕೊಳೆಯಾದದ್ದನ್ನು ಇನ್ನೊಂದು ಕಡೆ ಎಸೆಯಬೇಕು. ಜಾಡಿಸಿದಾಗ ಏನೇನು ಉದುರುತ್ತದೆ ಅಂತ ಹೇಳಲು ಹೊರಟರೆ ಕೇಳಿದವರಿಗೆ ಊಟ ಸೇರುವುದಿಲ್ಲ. ಹತ್ತಿ, ಬ್ಯಾಂಡೇಜು, ಚಮಚ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಆಮೇಲೆ ಸೂಜಿ.

ಸೂಜಿ ಸಿಕ್ಕರೆ ಮೇಸ್ತ್ರಿಗೆ ಒಪ್ಪಿಸಬೇಕು ಅಂತ ಗೋಡೆಯ ಮೇಲೆ ಬೋರ್ಡೇನೋ ಇತ್ತು. ಆದರೆ ಒಪ್ಪಿಸಿದರೆ ಮೇಸ್ತ್ರಿ ಮೊದಲು ನೋಡುವುದು ಬೆಡ್‌ಶೀಟಿನ ಮೂಲೆಯನ್ನು. ಒಂದೊಂದು ವಾರ್ಡಿನ ಬಟ್ಟೆಗೆ ಒಂದೊಂದು ಬಣ್ಣದ ದಾರದ ಹೊಲಿಗೆ. ಬಣ್ಣ ಗೊತ್ತಾದರೆ ಹಾಸಿಗೆ ಬಿಚ್ಚಿದ ಆಯಾ ಯಾರು ಅಂತ ಗೊತ್ತಾಯಿತು, ಅವಳ ಕೂಲಿಗೆ ಕತ್ತರಿ ಬಿತ್ತು. ಸೂಜಿಯನ್ನು ಹಾಸಿಗೆಯಲ್ಲಿ ಬಿಟ್ಟು ಹೋದ ಡಾಕ್ಟರಿಗೆ ಏನೂ ಇಲ್ಲ, ಸಿಸ್ಟರಿಗೆ ಏನೂ ಇಲ್ಲ. ಅದಕ್ಕೇ ಲಾಂಡ್ರಿಯ ಹೆಂಗಸರು ಸೂಜಿ ಸಿಕ್ಕರೆ ತುಟಿಪಿಟಕ್ಕೆನ್ನದೆ ಬಾಗಿಲ ಹಿಂದಿನ ಹಳೇ ಎಣ್ಣೆ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದರೆ ಕಸ ಗುಡಿಸುವವರು ಗಾಡಿಯ ತಳದಲ್ಲಿ ಇಟ್ಟು ಸಾಗಿಸುತ್ತಿದ್ದರು. ಆಯಾಗಳೇನು ಋಣ ಇಟ್ಟುಕೊಳ್ಳುವವರಲ್ಲ. ಎತ್ತುವವರ ಸೊಂಟ ಉಳಿಯಲಿ ಅಂತ ಗಂಟುಗಳನ್ನು ಸಣ್ಣಸಣ್ಣದಾಗಿ ಕಟ್ಟಿ ಕಳಿಸುತ್ತಿದ್ದರು. ಯಾರೂ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ ಇದು, ಕಷ್ಟ ಗೊತ್ತಿದ್ದವರು ಕಷ್ಟ ಗೊತ್ತಿದ್ದವರಿಗೆ ಮಾಡುವ ಉಪಕಾರ. ಆ ಉಪಕಾರವೇ ಒಂದು ದಿನ ಕುತ್ತಿಗೆಗೆ ಬರುತ್ತದೆ ಅಂತ ಯಾರು ಕಂಡಿದ್ದರು?

ಚಿಕ್ಕವಳ ಅಂಗೈಯಿಂದ ಸೂಜಿ ಕಿತ್ತು, ಅಭ್ಯಾಸಬಲದಿಂದ ಅದನ್ನೂ ಡಬ್ಬಿಗೆ ಹಾಕಿ, ನಲ್ಲಿಯ ಕೆಳಗೆ ಕೈ ಹಿಡಿಸಿ, ದೊಡ್ಡವಳು ಅವಳನ್ನು ಎಳೆದುಕೊಂಡೇ ಮೇಸ್ತ್ರಿಯ ಹತ್ತಿರ ಹೋದಳು.

"ಇಲ್ಲಿ ಸೂಜಿ ಎಲ್ಲಿಂದ ಬರ್ಬೇಕಮ್ಮಾ?" ಅಂದ ಮೇಸ್ತ್ರಿ. "ನಾನು ಬಂದು ಇಷ್ಟು ವರ್ಷ ಆಯ್ತು, ಒಂದೇ ಒಂದು ಸೂಜಿ ನನ್ನ ಕೈಗೆ ಬಂದಿಲ್ಲ. ಮನೇಲಿ ಹರಿದಿದ್ದು ಹೊಲೀತಾ ಚುಚ್ಕೊಂಡಿರ್ತಾಳೆ."

"ರಕ್ತ ಇನ್ನೂ ನಿಂತಿಲ್ಲ ಕಣಣ್ಣ, ಮನೇಲಿ ಚುಚ್ಕೊಂಡು ಇಲ್ಲೀವರೆಗೂ ಸುರಿಸ್ಕೊಂಡು ಬಂದ್ಲಾ?"

"ಬಾಯಿ ಜೋರು ಮಾಡ್ಬೇಡ. ಚೀಟಿ ಬರ್ಕೊಡು ಅಂದ್ರೆ ನಾನು ಕೊಡಲ್ಲ."

ಚೀಟಿ ಇಲ್ಲದೆ ಆಸ್ಪತ್ರೆಯ ಔಷಧಿ ಇಲ್ಲ. ದಿನವೆಲ್ಲ ಸಾವಿರ ಜನರಿಗೆ ಔಷಧಿ ಕೊಡುವ ಆಸ್ಪತ್ರೆಯಿಂದ ಹೊರಗೆ ಬಂದು, ಮಾರುಕಟ್ಟೆ ಹಿಂದಿನ ಧರ್ಮದ ಕ್ಲಿನಿಕ್ಕಿನ ಮುಂದೆ ಇಬ್ಬರೂ ಸಾಲಿನಲ್ಲಿ ನಿಂತರು. ಅಲ್ಲಿನ ಡಾಕ್ಟರಮ್ಮ ಒಳ್ಳೆಯವಳು. ರೋಗಿಯ ರಕ್ತ ಕಂಡ ಸೂಜಿ, ಯಾವ ರೋಗಿ ಅಂತ ಗೊತ್ತಿಲ್ಲ, ಆದ್ದರಿಂದ ರಕ್ತದಿಂದ ಅಂಟುವ ರೋಗ ತಗಲದಿರಲು ಒಂದು ತಿಂಗಳು ಮಾತ್ರೆ ನುಂಗಲೇಬೇಕು ಅಂದಳು. "ನಮ್ಮ ಹತ್ರ ಅರ್ಧ ತಿಂಗಳಿಗೆ ಆಗೋಷ್ಟಿದೆ. ಉಳಿದಿದ್ದು ನಿಮ್ಮ ಆಸ್ಪತ್ರೆ ಕೊಡ್ಬೇಕು. ಅಂಗಡೀಲಿ ಸಿಗೋ ಮಾತ್ರೆ ಅಲ್ಲ ಇದು. ಮಧ್ಯದಲ್ಲಿ ನಿಲ್ಸಿದ್ರೆ ನುಂಗಿದ್ದೂ ದಂಡ." ಆಮೇಲೆ ಚಿಕ್ಕವಳ ಒದ್ದೆಯಾದ ಎದೆ ನೋಡಿ ದನಿ ತಗ್ಗಿಸಿದಳು. "ಮಗು ಇದೆಯಾ? ಪರೀಕ್ಷೆ ಎಲ್ಲ ಮುಗಿಯೋವರೆಗೂ ಹಾಲು ಕುಡಿಸ್ಬೇಡಮ್ಮ."

ದಾರಿಯುದ್ದಕ್ಕೂ ಚಿಕ್ಕವಳು ಸೆರಗನ್ನು ಎದೆಗೆ ಒತ್ತಿಕೊಂಡೇ ನಡೆದಳು. ದೊಡ್ಡವಳಿಗೆ ಮಾತಾಡುವುದು ಬೇಕಾದಷ್ಟಿತ್ತು, ಆದರೆ ಆಡುವ ಹಾಗಿರಲಿಲ್ಲ. ಆ ಬೆಡ್‌ಶೀಟಿನ ಮೂಲೆಯನ್ನು ಅವಳು ನೋಡಿದ್ದಳು. ನೀಲಿ ದಾರ. ನೀಲಿ ದಾರದ ವಾರ್ಡಿನಲ್ಲಿ ಹಗಲು ಹಾಸಿಗೆ ಬಿಚ್ಚುವ ಆಯಾ ಒಬ್ಬಳೇ, ಅವಳು ಇವರ ಅತ್ತೆ.

*

ಅತ್ತೆ ಎಂಥವಳು ಅಂತ ಹೇಳಬೇಕು. ಗಂಡ ಸತ್ತಾಗ ಕೈಗೂಸುಗಳೆರಡು. ಅವತ್ತು ಆಸ್ಪತ್ರೆ ಸೇರಿದವಳು ಜ್ವರ ಬಂದರೂ ಡ್ಯೂಟಿ ತಪ್ಪಿಸಿದವಳಲ್ಲ. ಮುಂದಿನ ವರ್ಷ ನಿವೃತ್ತಿ. ಆಗ ಬರುವ ಗಂಟಿನಲ್ಲಿ ಈ ತಗಡಿನ ಮಾಡು ತೆಗೆಸಿ ಗಟ್ಟಿ ಮಾಡು ಹಾಕಿಸುವುದು ಅಂತ ಬಾಯಲ್ಲೇ ಮನೆ ಕಟ್ಟಿ, ಕಿಟಕಿ ಎಲ್ಲಿ ಬರಬೇಕು ಅಂತ ಸೊಸೆಯರ ಜೊತೆ ಜಗಳವನ್ನೂ ಆಡಿ ಮುಗಿಸಿದ್ದಳು. ಬಾಯಿ ಖಾರ, ಕೈ ಧಾರಾಳ. ಸೊಸೆಯರನ್ನು ಬೈದರೆ ಬೀದಿಗೆ ಕೇಳಬೇಕು. ಬೇರೆ ಯಾರಾದರೂ ಬೈದರೆ ಅವರ ಗ್ರಹಚಾರ ಬಿಡಿಸಬೇಕು.

ವಿಷಯ ಕೇಳಿದವಳೇ ಮಗುವನ್ನು ಎತ್ತಿಕೊಂಡಳು. "ಚಿಕ್ಕವಳೇ, ನೀನು ಅಡುಗೆಮನೆ ಕಡೆ ಹೋಗು. ನಿನ್ನ ವಾಸನೆ ಬಂದ್ರೆ ಇದು ಬಾಟ್ಲಿ ಮುಟ್ಟಲ್ಲ."

ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಬಾಟಲಿಯನ್ನು ಉಗಿಯಿತು, ಚಮಚವನ್ನು ತಳ್ಳಿತು. ಅತ್ತೆ ಮುಂದಿನ ಕೋಣೆಯಲ್ಲಿ ಅಡ್ಡಾಡುತ್ತಾ ಒಂದೊಂದು ಚಮಚ ಗಂಜಿಗೂ ಒಂದೊಂದು ಸುಳ್ಳು ಹೇಳಿದಳು. ಒಳಗೆ ಚಿಕ್ಕವಳು ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಬೇಳೆ ಕುದಿಯುವುದನ್ನೇ ನೋಡುತ್ತಾ ಕೂತಿದ್ದಳು. ಅವಳ ಗಂಡ, ಪೇಂಟು ಬಳಿಯುವವನು, ಬಾಗಿಲಲ್ಲಿ ನಿಂತು, "ಅಲ್ವೇ, ಸ್ವಲ್ಪ ನೋಡ್ಕೊಂಡು ಕೆಲಸ ಮಾಡಕ್ಕಾಗಲ್ವಾ?" ಅಂದ.

"ನೀವು ಏಣಿಯಿಂದ ಬಿದ್ದಾಗ ನಾನು ಹಾಗೆ ಕೇಳಿದ್ನಾ?" ಅಂದಳು ಚಿಕ್ಕವಳು. ಅವನು ಕೈ ತೊಳೆಯಲು ಹೋದ.

ಮಾರನೇ ದಿನ ಲಾಂಡ್ರಿಯ ಬಾಗಿಲಲ್ಲೇ ಮೇಸ್ತ್ರಿ ಚಿಕ್ಕವಳನ್ನು ತಡೆದ. ರೋಗ ಇದೆಯೋ ಇಲ್ಲವೋ ಗೊತ್ತಿಲ್ಲದವರನ್ನು ಒಳಗೆ ಬಿಡುವ ಹಾಗಿಲ್ಲವಂತೆ. ನೋಡಿ ಇವರ ನ್ಯಾಯ: ಔಷಧಿ ಕೇಳಿದರೆ ಸೂಜಿಯೇ ಇಲ್ಲ, ಕೆಲಸ ಕೇಳಿದರೆ ಸೂಜಿ ಇದೆ!

*

ಇದನ್ನು ಹಿಡಿದುಕೊಂಡವಳು ಗಂಟಲಕ್ಕ. ಆಸ್ಪತ್ರೆಯ ಕಸ ಗುಡಿಸುವ ಹೆಂಗಸರ ಮುಖಂಡೆ. ಕಾರಿಡಾರಿನ ಈ ತುದಿಯಲ್ಲಿ ಗುಟ್ಟು ಹೇಳಿದರೆ ಆ ತುದಿಯವರಿಗೆ ಕೇಳುವಂಥ ಗಂಟಲು. ಅವಳ ಸಂಘ ಹೋದ ವರ್ಷ ಹೆಂಗಸರಿಗೊಂದು ಪಾಯಿಖಾನೆ ಕಟ್ಟಿಸಿಕೊಂಡಿತ್ತು, ಅದು ಅವಳ ಕಿರೀಟ. ಲಾಂಡ್ರಿಯವರು, ಕಸದವರು, ಆಯಾಗಳು ಮೂರೂ ಜನ ಒಟ್ಟಿಗೆ ಕೂರಬೇಕು ಅಂತ ಅವಳು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದಳು. ಆಯಾಗಳಿಗೆ ಬಿಳಿ ಯೂನಿಫಾರಂ, ರೋಗಿಯ ಮೈ ಮುಟ್ಟುವವರು ಅಂತ ಒಂದು ತೂಕ ಹೆಚ್ಚು. ಕಸದವರ ಪಕ್ಕ ಕೂರಲು ಅವರಿಗೆ ಮನಸ್ಸಿಲ್ಲ. ಕಸದವರಿಗೆ ಲಾಂಡ್ರಿಯವರ ಮೇಲೆ ಸಿಟ್ಟು, ಇವರು ನೆರಳಲ್ಲಿ ನಿಂತು ದುಡಿಯುವವರು ಅಂತ. ಒಬ್ಬರನ್ನೊಬ್ಬರು ಕಂಡರೆ ಮೂಗು ಮುರಿಯುವುದರಲ್ಲಿ ಮಾತ್ರ ಮೂವರೂ ಸಮ.

"ಸಭೆ ನಿಮ್ಮನೇಲೇ," ಅಂದಳು ಗಂಟಲಕ್ಕ ದೊಡ್ಡವಳಿಗೆ. "ಎರಡು ಲಾಂಡ್ರಿ, ಒಂದು ಆಯಾ. ಅರ್ಧ ಸಂಘ ನಿಮ್ಮ ಅಡುಗೆಮನೇಲೇ ಇದೆ."

ಅತ್ತೆ ಕೇಳಿ ಕೆಂಡವಾದಳು. "ನನ್ನ ಮನೇನ ಏನು ಬಸ್‌ಸ್ಟ್ಯಾಂಡ್ ಅಂದ್ಕೊಂಡ್ಯಾ? ಹೊಸಲು ದಾಟಿ ಯಾರ್ಯಾರೋ ಬರೋದು, ಆಸ್ಪತ್ರೆ ವಿರುದ್ಧ ಮಾತಾಡೋದು! ಒಂದು ವರ್ಷ ತಡ್ಕೊಳ್ಳೇ. ನನ್ನ ನಿವೃತ್ತಿ ಆಗ್ಲಿ, ಆಮೇಲೆ ಆಸ್ಪತ್ರೇನೇ ತಲೆ ಮೇಲೆ ಹೊತ್ಕೊಂಡು ಕುಣೀರಿ."

"ಮಾತ್ರೆ ಒಂದು ವರ್ಷ ತಡ್ಕೊಳಲ್ಲ ಅತ್ತೆ," ಅಂದಳು ದೊಡ್ಡವಳು.

ಅತ್ತೆ ಮಗುವಿನ ಕಡೆ ನೋಡಿದಳು. ಆಮೇಲೆ ಪೊರಕೆ ಎತ್ತಿಕೊಂಡು, ಗೊಣಗುತ್ತಲೇ ಮುಂದಿನ ಕೋಣೆ ಗುಡಿಸತೊಡಗಿದಳು. ಅದು ಅವಳ ಒಪ್ಪಿಗೆ.

ಭಾನುವಾರ ಮಧ್ಯಾಹ್ನ ಕೋಣೆ ತುಂಬಿತು. ಆಯಾಗಳು ಮಂಚದ ಮೇಲೆ, ಲಾಂಡ್ರಿಯವರು ಚಾಪೆಯ ಮೇಲೆ, ಕಸದವರು ಬಾಗಿಲ ಹತ್ತಿರ. ಯಾರೂ ಹೇಳಿ ಕೂರಿಸಿದ್ದಲ್ಲ, ತಾವಾಗಿ ಹಾಗೆ ಕೂತರು. ಅತ್ತೆ ಅಡುಗೆಮನೆಯಲ್ಲಿ ಚಹಾ ಮಾಡುವ ನೆಪದಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಮಕ್ಕಳ ವಾರ್ಡಿನ ಆಯಾ ಮೊದಲು ಬಾಯಿ ಬಿಟ್ಟಳು. ದಪ್ಪ ಹೆಂಗಸು, ಮಾತು ಇನ್ನೂ ದಪ್ಪ. "ನಿಮಗೆ ಔಷಧಿ ಸಿಗ್ಲಿ, ಬೇಡ ಅನ್ನಲ್ಲ. ಆದ್ರೆ ಸೂಜಿ ಬಂತು ಅಂತ ಒಪ್ಕೊಂಡ್ರೆ ಕೂಲಿ ಕಟ್ ಆಗೋದು ನಮ್ದು. ನಮ್ಮ ಮಕ್ಕಳು ಏನು ಗಾಳಿ ತಿನ್ಬೇಕಾ?"

"ಇಷ್ಟು ವರ್ಷ ನಾವು ಮುಚ್ಚಿಟ್ವಲ್ಲಕ್ಕಾ?" ಅಂದಳು ದೊಡ್ಡವಳು. "ನಿಮಗೋಸ್ಕರ ಮುಚ್ಚಿಟ್ಟಿದ್ದಕ್ಕೇ ಇವತ್ತು ಸೂಜೀನೇ ಇಲ್ಲ ಅಂತಿದಾರೆ."

"ಮುಚ್ಚಿಡಿ ಅಂತ ನಾನು ಬಂದು ನಿನ್ನ ಕಾಲು ಹಿಡಿದಿದ್ನಾ?"

"ಒಬ್ಬಳು ರಜೆ ಹಾಕಿದ್ರೆ ಇನ್ನೊಬ್ಬಳ ತಲೆಗೆ ಎರಡು ವಾರ್ಡು ಕಟ್ಟೋರು ಯಾರು?" ಗಂಟಲಕ್ಕನ ಗಂಟಲು ತಗಡನ್ನು ನಡುಗಿಸಿತು. "ಸೂಜಿ ಹಾಕಕ್ಕೆ ಹಾಸಿಗೆ ಪಕ್ಕ ಒಂದು ಡಬ್ಬ ಇಡದೇ ಇರೋರು ಯಾರು? ಅವರನ್ನ ಬಿಟ್ಟು ನೀವು ನೀವೇ ಜುಟ್ಟು ಹಿಡ್ಕೊಳ್ಳಿ, ಅವರು ಅಲ್ಲಿ ಫ್ಯಾನ್ ಕೆಳಗೆ ಕೂತು ನಗ್ತಾರೆ. ಕೇಳಿ ಇಲ್ಲಿ. ನಾಳೆ ಅಲ್ಲ, ಮುಂದಿನ ಸೋಮವಾರ ಎಲ್ಲರೂ ಒಟ್ಟಿಗೆ ಆಫೀಸಿಗೆ ಹೋಗೋದು. ಯಾವ ವಾರ್ಡಿನ ಸೂಜಿ ಅಂತ ಕೇಳ್ತಾರೆ. ಉತ್ತರ ಒಂದೇ: ಎಲ್ಲಾ ವಾರ್ಡಿಂದಲೂ ಬರುತ್ತೆ, ದಿನಾ ಬರುತ್ತೆ. ಒಬ್ಬಳ ವಾರ್ಡು ಬಾಯಿಗೆ ಬಂತೋ, ಅವಳನ್ನ ಮನೆಗೆ ಕಳ್ಸಿ ಕೈ ತೊಳ್ಕೋತಾರೆ. ಯಾರೂ ಒಂಟಿಯಾಗಿ ಹೋಗೋ ಹಾಗಿಲ್ಲ, ಯಾರೂ ಒಂಟಿಯಾಗಿ ಮಾತಾಡೋ ಹಾಗಿಲ್ಲ."

ಗದ್ದಲ ಬಹಳ ಹೊತ್ತು ನಡೆಯಿತು. ಕೊನೆಗೆ ಅತ್ತೆ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಮೊದಲ ಲೋಟವನ್ನು ಬಾಗಿಲ ಹತ್ತಿರ ಕೂತ ಕಸದವಳಿಗೇ ಕೊಟ್ಟು, ಮಕ್ಕಳ ವಾರ್ಡಿನ ಆಯಾಳ ಕಡೆ ತಿರುಗಿ, "ನಾನು ಬರ್ತೀನಿ. ನಿಮಗೆಲ್ಲ ದೊಡ್ಡವಳು ನಾನು, ನಾನೇ ಬರ್ತೀನಿ ಅಂದ್ಮೇಲೆ ನಿಂದೇನೇ?" ಅಂದಳು. ಆಯಾಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳ ವಾರ್ಡಿನವಳು ಚಹಾ ಹೀರಿ, "ಸಕ್ಕರೆ ಕಮ್ಮಿ," ಅಂದಳು. ಎಲ್ಲರೂ ನಕ್ಕರು. ದೊಡ್ಡವಳಿಗೆ ಅತ್ತೆಯ ಮೇಲೆ ಎಂದೂ ಬರದಷ್ಟು ಪ್ರೀತಿ ಬಂತು. ಜೊತೆಗೆ ನೀಲಿ ದಾರವೂ ನೆನಪಾಯಿತು.

*

ಆ ವಾರ ಮನೆ ಮನೆಯಾಗಿರಲಿಲ್ಲ. ಮಾತ್ರೆ ಚಿಕ್ಕವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ತಿಂದದ್ದೆಲ್ಲ ವಾಂತಿ. ಪೇಂಟರು ಊರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬರುತ್ತಿದ್ದ. ದೊಡ್ಡವಳ ಗಂಡ ಲಾರಿಯ ಮೇಲೆ ಎಲ್ಲೋ ದೂರದಲ್ಲಿದ್ದವನು ಫೋನಿನಲ್ಲಿ, "ಅಮ್ಮನ ನಿವೃತ್ತಿಗೆ ಕಲ್ಲು ಹಾಕ್ಬೇಡಿ," ಅಂತ ಅಷ್ಟನ್ನೇ ಹೇಳಿ ಇಟ್ಟ. ಮಗು ಬಾಟಲಿ ಕಲಿಯಿತು, ಆದರೆ ಅಮ್ಮನ ದನಿ ಕೇಳಿದರೆ ಸಾಕು, ಬಾಟಲಿ ಬಿಸಾಕಿ ಅಳುತ್ತಿತ್ತು. ಹಾಗಾಗಿ ಚಿಕ್ಕವಳು ಮನೆಯಲ್ಲಿ ಪಿಸುಗುಟ್ಟುವುದನ್ನು ಅಭ್ಯಾಸ ಮಾಡಿಕೊಂಡಳು.

ಶುಕ್ರವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಮಾತ್ರೆ ಮಂಗಳವಾರಕ್ಕೆ ಮುಗಿಯುತ್ತದೆ ಅಂತ ಚಿಕ್ಕವಳು ಮೆಲ್ಲಗೆ ಹೇಳಿದಳು.

"ಯಾವಳೋ ಬೇಜವಾಬ್ದಾರಿ ಮುಂಡೆ ಮಾಡಿದ ಕೆಲಸಕ್ಕೆ ನನ್ನ ಹೆಂಡ್ತಿ ಅನುಭವಿಸ್ಬೇಕು," ಅಂದ ಪೇಂಟರು.

"ಹೌದು ಮತ್ತೆ," ಅಂದಳು ಅತ್ತೆ, ಅನ್ನ ಬಡಿಸುತ್ತಾ. "ಈಗಿನ ಆಯಾಗಳಿಗೆ ಮೈಮೇಲೆ ಪ್ರಜ್ಞೆ ಎಲ್ಲಿದೆ? ಹಾಸಿಗೆನ ಹಾಗೇ ಬಾಚಿ ಗಂಟು ಕಟ್ತಾರೆ. ನಾನು ನೋಡು, ಮೂಲೆ ಮೂಲೆ ತಡವಿ ತೆಗೀತೀನಿ. ಇಷ್ಟು ವರ್ಷದಲ್ಲಿ ನನ್ನ ವಾರ್ಡಿಂದ ಒಂದು ಸೂಜಿ ಆಚೆ ಹೋಗಿಲ್ಲ. ಎದೆ ತಟ್ಟಿ ಹೇಳ್ತೀನಿ."

ಒಳಗೆ ಮಗು ಅಳುತ್ತಿತ್ತು. ಚಿಕ್ಕವಳು ಏಳಲು ಹೋಗಿ, ಏಳಬಾರದೆಂದು ನೆನಪಾಗಿ, ಮತ್ತೆ ಕೂತಳು. ಅದನ್ನು ನೋಡಿದ್ದೇ ತಡ, ಇಷ್ಟು ದಿನ ಬಿಗಿಹಿಡಿದ ನಾಲಿಗೆ ದೊಡ್ಡವಳ ಕೈ ಮೀರಿತು.

"ಸಾಕು ಮಾಡಿ ಅತ್ತೆ. ಆ ಬೆಡ್‌ಶೀಟಿನ ಮೂಲೇಲಿ ನೀಲಿ ದಾರ ಇತ್ತು."

ಸೌಟು ಅತ್ತೆಯ ಕೈಯಲ್ಲೇ ನಿಂತಿತು. ಪೇಂಟರಿಗೆ ಅರ್ಥವಾಗಲಿಲ್ಲ, ಚಿಕ್ಕವಳಿಗೆ ಆಯಿತು.

"ನೀನು ಕಣ್ಣಾರೆ ನೋಡಿದ್ಯಾ?" ಅಂದಳು ಅತ್ತೆ.

"ಹೂಂ."

"ಅವತ್ತು ನನಗೆ ಎರಡೂ ವಾರ್ಡು ಇತ್ತು," ಅಂದಳು ಅತ್ತೆ. "ಮಕ್ಕಳ ವಾರ್ಡಿನವಳು ರಜೆ. ಸಿಸ್ಟರು ಬೇಗ ಬೇಗ ಅಂತ ಅರಚ್ತಿದ್ಲು." ಆಮೇಲೆ ಅದನ್ನು ಹೇಳಿದ್ದಕ್ಕೇ ನಾಚಿಕೆಯಾದವಳ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಿಮ್ಮ ತಪ್ಪು ಅಂತ ಯಾರಂದ್ರು ಅತ್ತೆ?" ದೊಡ್ಡವಳು ನಾಲಿಗೆ ಕಚ್ಚಿಕೊಂಡು ಅವಸರದಲ್ಲಿ ಹೇಳಿದಳು. "ಅದನ್ನೇ ಸೋಮವಾರ ಹೇಳೋದು. ಒಬ್ಬಳ ಕೈಲಿ ಎರಡು ವಾರ್ಡು ಅಂತ. ಎಲ್ಲರೂ ಸೇರಿ ಹೇಳೋದು."

ಅತ್ತೆ ತನ್ನ ತಟ್ಟೆಯ ಅನ್ನವನ್ನು ಮಗನ ತಟ್ಟೆಗೆ ಹಾಕಿ ಎದ್ದು ಹೋದಳು. ಚಿಕ್ಕವಳು ಅವಳ ಹಿಂದೆಯೇ ಹೋಗಿ, "ಅತ್ತೆ, ನನಗೆ ನಿಮ್ಮ ಮೇಲೆ ಏನಿಲ್ಲ," ಅಂದದ್ದು ಕೇಳಿಸಿತು.

*

ಶನಿವಾರ ಅತ್ತೆಗೆ ರಜೆ. ಆದರೂ ಯೂನಿಫಾರಂ ಇಸ್ತ್ರಿ ಮಾಡಿ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟುಹೋದಳು. ಮಧ್ಯಾಹ್ನ ಬಂದವಳ ಮುಖ ಹಗುರವಾಗಿತ್ತು. ಕೈಯಲ್ಲಿ ಮಗುವಿಗೊಂದು ಪೊಟ್ಟಣ ಬಿಸ್ಕತ್ತು.

"ಹೇಳ್ಬಿಟ್ಟು ಬಂದೆ," ಅಂದಳು, ಚಪ್ಪಲಿ ಬಿಡುತ್ತಾ. "ಆಫೀಸಿನ ಮೇಡಂ ಹತ್ರ ನೇರವಾಗಿ ಹೋದೆ. ನನ್ನ ವಾರ್ಡು, ನನ್ನ ಕೈ, ನನ್ನ ತಪ್ಪು ಅಂದೆ. ಇನ್ನು ಯಾರೂ ಬಾಯಿ ಬಿಡೋದು ಬೇಡ, ಯಾರ ಕೂಲಿಯೂ ಕಟ್ ಆಗೋದು ಬೇಡ. ಪಾಪ, ಮೇಡಂ ಕುರ್ಚಿ ಕೊಟ್ಟು ಕೂರ್ಸಿದ್ರು. ಬರ್ಕೊಂಡ್ರು. ಹೆಬ್ಬೆಟ್ಟು ಒತ್ತಿದೆ."

ದೊಡ್ಡವಳು ಎದ್ದು ನಿಂತಳು. "ಅತ್ತೆ! ಒಂಟಿಯಾಗಿ ಹೋಗ್ಬಾರ್ದು ಅಂತ ಅಷ್ಟು ಮಾತಾಡ್ಕೊಂಡಿದ್ವಲ್ಲ!"

"ನನ್ನಿಂದ ಆಗಿದ್ದಕ್ಕೆ ಊರಿನವರ ಮಕ್ಕಳ ಅನ್ನಕ್ಕೆ ಕಲ್ಲು ಹಾಕ್ಲಾ? ಅಷ್ಟೂ ಮಾನ ಇಲ್ವಾ ನನಗೆ?"

ಆ ಮಾತಿಗೆ ಏನು ಹೇಳುತ್ತೀರಿ? ಅತ್ತೆಯ ಬದುಕೆಲ್ಲ ನಿಂತಿದ್ದೇ ಆ ಮಾನದ ಮೇಲೆ. ದೊಡ್ಡವಳು ಬರಿಗಾಲಲ್ಲೇ ಗಂಟಲಕ್ಕನ ಮನೆಗೆ ಓಡಿದಳು. ಗಂಟಲಕ್ಕ ಕೇಳಿಸಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. ಅವಳ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಅಂತ ದೊಡ್ಡವಳಿಗೆ ಗೊತ್ತೇ ಇರಲಿಲ್ಲ. "ಹೋಯ್ತು ಕಣೇ," ಅಂದಳು.

*

ಸೋಮವಾರ ಆಫೀಸಿನ ಮುಂದೆ ಕಸದವರು ಬಂದರು, ಲಾಂಡ್ರಿಯವರು ಅರ್ಧ ಬಂದರು. ಆಯಾಗಳಲ್ಲಿ ಬಂದವಳು ಮಕ್ಕಳ ವಾರ್ಡಿನವಳೊಬ್ಬಳೇ, ಅದೂ ಬರುವುದಿಲ್ಲ ಅಂತ ಹೇಳಿ ಹೋಗಲು.

"ನಿಮ್ಮ ಮನೆಯವಳೇ ತಪ್ಪಾಯ್ತು ಅಂತ ಹೆಬ್ಬೆಟ್ಟು ಒತ್ತಿದ್ಮೇಲೆ ನಾವ್ಯಾಕಮ್ಮ ತಲೆ ಕೊಡೋಣ? ನಾವೂ ನಮ್ಮ ವಾರ್ಡಿಂದ ಬರುತ್ತೆ ಅಂದ್ರೆ ನಮ್ಮ ಹತ್ರಾನೂ ಹೆಬ್ಬೆಟ್ಟು ಒತ್ತಿಸ್ಕೋತಾರೆ." ಅವಳ ಕಣ್ಣು ಕೆಂಪಾಗಿತ್ತು. "ಅವತ್ತು ರಜೆ ಹಾಕಿದ್ದು ನಾನೇ. ಅದೂ ಗೊತ್ತು ನನಗೆ. ಬಿಡು."

ಒಳಗೆ ದೊಡ್ಡವಳನ್ನೂ ಗಂಟಲಕ್ಕನನ್ನೂ ಮಾತ್ರ ಬಿಟ್ಟರು. ಮೇಡಂ ಒಳ್ಳೆಯ ಮಾತಿನವಳು. ನೀರು ತರಿಸಿ ಕೊಟ್ಟಳು.

"ನೋಡಿಮ್ಮ, ಇದರಲ್ಲಿ ಇನ್ನೇನೂ ಉಳಿದಿಲ್ಲ. ಆಯಾ ಒಪ್ಕೊಂಡಿದಾರೆ. ಅವರನ್ನ ಇವತ್ತಿಂದಲೇ ಕೆಲಸದಿಂದ ತೆಗೆದಿದೀವಿ. ನಿರ್ಲಕ್ಷ್ಯಕ್ಕೆ ಹೋದವರಿಗೆ ನಿವೃತ್ತಿ ಹಣ ಕೊಡೋ ನಿಯಮ ಇಲ್ಲ, ನನ್ನ ಕೈಲಿಲ್ಲ."

"ಚಿಕ್ಕವಳ ಔಷಧಿ?" ಅಂದಳು ದೊಡ್ಡವಳು. "ಚುಚ್ಚಿದ್ದು ನಿಮ್ಮ ಲಾಂಡ್ರೀಲಿ ಅಂತ ಈಗ ಗೊತ್ತಾಯ್ತಲ್ಲ."

"ಅತ್ತೆಯಿಂದ ಸೊಸೆಗೆ ಗಾಯ ಆಗಿದೆ. ಒಂದೇ ಮನೆಯವರು. ಇದು ಬೇಕೂಂತ ಆಯ್ತೋ, ಗೊತ್ತಿಲ್ದೆ ಆಯ್ತೋ, ನಿಮ್ಮನಿಮ್ಮಲ್ಲಿ ಏನಿತ್ತೋ, ನಾನು ಹೇಗೆ ಹೇಳ್ಲಿ? ಆಸ್ಪತ್ರೆ ಮನೆ ಜಗಳಕ್ಕೆಲ್ಲ ಔಷಧಿ ಕೊಡ್ತಾ ಕೂರಕ್ಕಾಗಲ್ಲ." ಮೇಡಂ ನಿಟ್ಟುಸಿರು ಬಿಟ್ಟಳು. "ನಾನೂ ಹೆಂಗಸೇ ಅಲ್ವೇನಮ್ಮ? ನನಗೂ ಅತ್ತೆ ಇದಾರೆ. ಮನೇಲಿ ಕೂತು ಸರಿಮಾಡ್ಕೊಳ್ಳಿ."

ಗಂಟಲಕ್ಕ ಕೂಗಿದಳು. ಎರಡು ವಾರ್ಡು, ಒಬ್ಬಳು ಆಯಾ, ಡಬ್ಬ ಇಲ್ಲ, ರಜೆಗೆ ಬದಲಿ ಇಲ್ಲ, ಎಲ್ಲವನ್ನೂ ಕೂಗಿದಳು. ಮೇಡಂ ತಲೆಯಾಡಿಸುತ್ತಾ, ಪರಿಶೀಲಿಸುತ್ತೇವೆ ಅಂದಳು. ಕಾವಲಿನವನು ಬಂದು ಬಾಗಿಲು ತೆರೆದು ನಿಂತ.

*

ಮನೆಗೆ ಬಂದಾಗ ಅತ್ತೆ ಮಗುವಿಗೆ ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಕೆಲಸ ಹೋದ ಸುದ್ದಿ ಅವಳಿಗೆ ಬೆಳಿಗ್ಗೆ ಗೇಟಿನಲ್ಲೇ ತಿಳಿದಿತ್ತು. ಅದನ್ನು ಕೇಳಲೂ ಇಲ್ಲ.

"ಮಾತ್ರೆ ಕೊಡ್ತಾರಂತಾ?"

ದೊಡ್ಡವಳು ಎಲ್ಲವನ್ನೂ ಹೇಳಿದಳು. ಹೇಳುವಾಗ ಒಂದು ಮಾತನ್ನೂ ಮೆತ್ತಗೆ ಮಾಡಲು ಅವಳಿಗೆ ಬರಲಿಲ್ಲ. ಚಿಕ್ಕವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಅತ್ತೆ ಚಮಚವನ್ನು ಬಟ್ಟಲಲ್ಲಿಟ್ಟಳು.

"ಅವರೇನೂ ಕೇಳ್ಲಿಲ್ಲ ಕಣೇ, ನಾನೇ ಹೇಳಿದ್ದು. ಚುಚ್ಚಿಸ್ಕೊಂಡವಳು ನನ್ನ ಸೊಸೆ ಮೇಡಂ, ಮನೆ ಮಗಳ ಥರ ಮೇಡಂ ಅಂತ. ನನ್ನ ಸೊಸೆ ಅಂತ ಗೊತ್ತಾದ್ರೆ ಮನಸ್ಸು ಕರಗಿ ಬೇಗ ಕೊಡ್ತಾರೆ ಅಂದ್ಕೊಂಡೆ."

ಚಿಕ್ಕವಳು ಇಷ್ಟು ದಿನ ಪಿಸುಗುಟ್ಟುತ್ತಿದ್ದವಳು ಈಗ ಗಟ್ಟಿಯಾಗಿಯೇ ಮಾತಾಡಿದಳು. ಮಗು ಬಿಸ್ಕತ್ತು ಉಗಿದು, ಅವಳ ಕಡೆ ತಿರುಗಿ ಕೈ ಚಾಚಿ ಅಳತೊಡಗಿತು.

"ಯಾರೋ ಲಾಂಡ್ರಿ ಕೆಲಸದವಳು ಅಂದಿದ್ರೆ ಸಾಕಿತ್ತು ಅತ್ತೆ."